ಲ್ಯಾಪ್‌ಟಾಪು ಮತ್ತು ಒಳಗಿನ ಮಾತು

ತಪ್ಪು ಮಾಡಿದ ಕೂಡಲೇ ಆಗುವ ನಾಚಿಕೆ ಅಂಥ ದೊಡ್ಡದೇನಲ್ಲ. ಉಂಡು ಮಲಗಿದರೆ ಹೋಗುತ್ತದೆ. ಆದರೆ ತಪ್ಪು ಬೇರೆಯವರದೆಂದು ನಾಲ್ಕು ಮಂದಿಯ ಎದುರು ಕೂಗಾಡಿ, ಗಂಟಲು ಒಣಗಿಸಿಕೊಂಡು, ಆಮೇಲೆ ಅದು ನಮ್ಮದೇ ಎಂದು ಗೊತ್ತಾಗುತ್ತದಲ್ಲ, ಆ ನಾಚಿಕೆಯ ಜಾತಿಯೇ ಬೇರೆ. ಅನ್ನದ ತುತ್ತು ಎತ್ತಿದಾಗ ಬರುತ್ತದೆ, ಕನ್ನಡಿಯ ಮುಂದೆ ಗಡ್ಡ ಹೆರೆಯುವಾಗ ಬರುತ್ತದೆ. ನನಗೆ ಆಗಿರುವುದು ಅದು. ಹೇಳಿಕೊಂಡರೆ ಹಗುರಾಗುತ್ತದೆ ಎನ್ನುತ್ತಾರೆ, ನೋಡೋಣ.

ನಾನು ತಿಕೋಟಾದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಮನೆ ವಿಜಯಪುರದ ಇಬ್ರಾಹಿಂಪುರದಲ್ಲಿ. ಸಂಬಳ ಬರುವ ಕೆಲಸ ಇದಾದರೆ, ಮನಸ್ಸಿಗೆ ಹಿಡಿಸಿದ ಕೆಲಸ ಇನ್ನೊಂದಿದೆ: ಗಂಡು ಹೆಣ್ಣು ಹೊಂದಿಸುವುದು. ಯಾರೂ ನೇಮಿಸಿದ್ದಲ್ಲ, ನಾನೇ ಹೊತ್ತುಕೊಂಡದ್ದು. ಸುತ್ತಲಿನ ಹಳ್ಳಿಗಳಿಂದ ಬಯೋಡಾಟಾಗಳು ನನ್ನ ಹತ್ತಿರ ಬರುತ್ತವೆ. ಬಯೋಡಾಟಾದಲ್ಲಿ ಅಚ್ಚಾದದ್ದನ್ನು ನಮ್ಮ ಕಡೆ ಯಾರೂ ನಂಬುವುದಿಲ್ಲ. ಹುಡುಗನ ಎತ್ತರಕ್ಕೆ ಎರಡು ಇಂಚು ಸೇರಿರುತ್ತದೆ, ಹುಡುಗಿಯ ವಯಸ್ಸಿನಲ್ಲಿ ಎರಡು ವರ್ಷ ಕಳೆದಿರುತ್ತದೆ. ನಿಜವಾದ ವಿಚಾರಣೆ ನಡೆಯುವುದು ಬಾಯಿಂದ ಬಾಯಿಗೆ. ಅದನ್ನೆಲ್ಲ ಕಲೆಹಾಕಿ ನಾನೊಂದು ಪಟ್ಟಿ ಮಾಡಿದ್ದೆ. ಹೆಸರು, ಓದು, ಹೊಲ, ಫೋನ್ ನಂಬರು ಎಲ್ಲ ಮುಗಿದ ಮೇಲೆ ಕೊನೆಗೊಂದು ಕಾಲಂ. ಅದರ ತಲೆಬರಹ 'ಒಳಗಿನ ಮಾತು'. ಅತ್ತೆಯ ಬಾಯಿ ಜೋರು, ಹುಡುಗ ಸಂಜೆಯಾದರೆ ಕೈಗೆ ಸಿಗುವುದಿಲ್ಲ, ಇಂಥವು ಅಲ್ಲಿರುತ್ತಿದ್ದವು. ಮೊದಲು ನೋಟ್‌ಬುಕ್ಕಿನಲ್ಲಿ ಬರೆದು ಜೋಳದ ಡಬ್ಬಿಯ ಹಿಂದೆ ಇಡುತ್ತಿದ್ದೆ. ಕಾಲ ಬದಲಾಯಿತು, ಪಟ್ಟಿಯೂ ಬದಲಾಗಲಿ ಎಂದು ಲ್ಯಾಪ್‌ಟಾಪ್ ಕೊಂಡೆ. ಹೊಸದಲ್ಲ, ಸೆಕೆಂಡ್ ಹ್ಯಾಂಡ್. ನಮ್ಮ ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಸರೋಜಾ ಬಿಟ್ಟರೆ ಮಿಕ್ಕದ್ದೆಲ್ಲ ಸೆಕೆಂಡ್ ಹ್ಯಾಂಡೇ.

ಅಂಗಡಿಯ ರಿಯಾಜ್ ಒಳ್ಳೆಯ ಮನುಷ್ಯ. "ಸರ, ಒಬ್ರು ಮೇಡಂ ವಾಪರಿಸಿದ್ದೈತ್ರಿ, ಒಂದು ಗೀರು ಸೈತ ಬಿದ್ದಿಲ್ಲ. ನಿನ್ನೇನ ಬಂದೈತಿ, ಒಳಗಿಂದು ಇನ್ನೂ ಅಳಿಸಿಲ್ಲ. ಒಂದು ತಾಸು ಕುಂದರ್ರಿ, ಸ್ವಚ್ಛ ಮಾಡಿ ಕೊಡ್ತೀನಿ" ಎಂದ. ನಾನು ತೆರೆದು ನೋಡಿದೆ. ಒಳಗೆ ಕನ್ನಡ ಟೈಪು ಮಾಡುವ ಏರ್ಪಾಡು ಸಿದ್ಧವಾಗಿಯೇ ಇತ್ತು. ಇಂಟರ್ನೆಟ್ ತೆರೆದರೆ ಯಾವ ಪಾಸ್‌ವರ್ಡೂ ಕೇಳದೆ ಎಲ್ಲ ತಾನಾಗಿ ತೆರೆದುಕೊಳ್ಳುತ್ತಿತ್ತು. ಪುಕ್ಕಟೆ ಬಂದದ್ದನ್ನು ಅಳಿಸಿ ಹಾಕುವ ಬುದ್ಧಿ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ. "ಇದ್ದದ್ದು ಇರಲಿ ಬಿಡಪ್ಪಾ, ಯಾಕ ಹಾಳ ಮಾಡ್ತಿ?" ಎಂದು ಚೀಲಕ್ಕೆ ಹಾಕಿಕೊಂಡು ಬಂದೆ.

ಇಪ್ಪತ್ತು ದಿನ ಸುಖವಾಗಿದ್ದೆ. ಪರದೆಯ ಮೂಲೆಯಲ್ಲಿ ದುಂಡಗೆ 'ಎಸ್' ಎಂಬ ಅಕ್ಷರವಿತ್ತು, ಕಂಪನಿಯ ಗುರುತು ಇರಬೇಕೆಂದುಕೊಂಡೆ. ಆಗಾಗ ಚಿತ್ರಗಳು ಬರುತ್ತಿದ್ದವು: ತೆನೆ ಬಿಟ್ಟ ಜೋಳದ ಹೊಲ, ಮಾಳಿಗೆಯ ಮೇಲೆ ಒಣಗಿಸಿದ ಶಾವಿಗೆ, ಬಿಳಿ ಕೋಟು ಹಾಕಿದ ಒಬ್ಬ ಹೆಣ್ಣುಮಗಳು. ಕಂಪನಿಯವರು ಎಷ್ಟು ಚೆಂದದ ಚಿತ್ರ ಇಟ್ಟಿದ್ದಾರೆ ಎಂದು ಚಹಾ ಕುಡಿಯುತ್ತ ನೋಡುತ್ತಿದ್ದೆ. ಪಟ್ಟಿಯನ್ನೂ ಅಲ್ಲಿಯೇ, ಇಂಟರ್ನೆಟ್ಟಿನೊಳಗೇ ತುಂಬಿದೆ. ಒಂದು ಭಾನುವಾರ ಮುಂಜಾನೆ ಪಟ್ಟಿ ತೆರೆದು ಕೂತಿದ್ದೇನೆ, ನಾನು ಕೈ ಹಚ್ಚಿಯೇ ಇಲ್ಲ, 'ಒಳಗಿನ ಮಾತು' ಕಾಲಂನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ತಾನಾಗಿ ಮೂಡಿತು.

ಹ್ಯಾಕ್! ನನಗೆ ಮೊದಲು ನೆನಪಾದದ್ದು ನನ್ನ ಬ್ಯಾಂಕಿನ ಖಾತೆ, ನನ್ನ ಆಧಾರ್, ನನ್ನ ಪಿಂಚಣಿ. ಪಟ್ಟಿಯಲ್ಲಿದ್ದ ಅಷ್ಟು ಮನೆಗಳ ಹೆಣ್ಣುಮಕ್ಕಳ ಫೋಟೋ, ಫೋನ್ ನಂಬರುಗಳು ನೆನಪಾದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಇದನ್ನು ಬರೆಯಲೂ ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆಯೇ. ಸರೋಜಾ ಕ್ಯಾಮೆರಾದ ಕಣ್ಣಿಗೆ ವಿಭೂತಿ ಮೆತ್ತಿದಳು. ತನ್ನ ನಾದಿನಿಯ ಸುದ್ದಿ ಏನಿದ್ದರೂ ಹಿತ್ತಿಲಿಗೆ ಕರೆದೊಯ್ದೇ ಹೇಳತೊಡಗಿದಳು. "ಮಂದೀದೆಲ್ಲಾ ಬರದು ಇಡೂ ಮುಂದ ಇದು ತಿಳೀಲಿಲ್ಲೇನ್ರಿ ನಿಮಗ?" ಎಂದೂ ಕೇಳಿದಳು.

ಮರುದಿನ ಸಾಲೆಗೆ ರಜೆ ಹಾಕಿ ರಿಯಾಜನ ಅಂಗಡಿಗೆ ಹೋದೆ. ಗಿರಾಕಿಗಳು ನಿಂತಿದ್ದರು. ನಿಂತಿರಲಿ ಎಂದೇ ಜೋರಾಗಿ, "ಕಳ್ಳರ ಸಾಮಾನು ಮಾರತಿಯೇನಪ್ಪಾ? ಇದರಾಗ ಯಾರೋ ಹೊಕ್ಕೊಂಡು ಕುಂತಾರ!" ಎಂದೆ. ರಿಯಾಜ್ ಲ್ಯಾಪ್‌ಟಾಪ್ ತೆರೆದು ಸ್ವಲ್ಪ ಹೊತ್ತು ನೋಡಿದ.

"ಸರ, ಇದು ಯಾರ ಅಕೌಂಟ್ರಿ?"

"ಯಾರದಂದ್ರ? ಲ್ಯಾಪ್‌ಟಾಪಿಂದು."

"ಲ್ಯಾಪ್‌ಟಾಪಿಗೆ ಅಕೌಂಟ್ ಇರಂಗಿಲ್ರಿ ಸರ, ಮನಷ್ಯಾಗ ಇರತೈತಿ. ಇದು ಮೊದಲಿನ ಮೇಡಮ್ಮಾರದು. ನೀವು ಬರದದ್ದೆಲ್ಲಾ ಅವರ ಫೋನಿನ್ಯಾಗ ಕಾಣತೈತಿ, ಅವರ ಫೋಟೋ ನಿಮಗ ಕಾಣತಾವು. ಹೊಕ್ಕೊಂಡು ಕುಂತಾವ್ರು ನೀವ ಅದೀರಿ."

ಗಿರಾಕಿಗಳಲ್ಲಿ ಒಬ್ಬರು ನಕ್ಕರು. ರಿಯಾಜ್ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಮೂಲೆಯ 'ಎಸ್' ಒತ್ತಿದ, ಹೆಸರು ಬಂತು: ಸುವರ್ಣಾ. "ಸಾರವಾಡದಾವ್ರು, ಇಲ್ಲೇ ರಕ್ತ ತಪಾಸಣಿ ಮಾಡೂ ಲ್ಯಾಬಿನ್ಯಾಗ ಅದಾರ. ಕರೀತೀನಿ ತಡೀರಿ" ಎಂದು ಫೋನು ಹಚ್ಚಿದ. ಆ ಊರು, ಆ ಹೆಸರು ಕೇಳಿದ್ದೇ ನನಗೆ ನನ್ನ ಪಟ್ಟಿ ನೆನಪಾಯಿತು. ಸಾರವಾಡದ ಒಬ್ಬ ಹುಡುಗನಿಗೆ ಬಬಲೇಶ್ವರದ ಹುಡುಗಿಯನ್ನು ನಾನೇ ಹೊಂದಿಸುತ್ತಿದ್ದೆ. ಆ ಹುಡುಗನ ಸಾಲಿನಲ್ಲಿ, ಪ್ರಶ್ನಾರ್ಥಕ ಚಿಹ್ನೆ ಮೂಡಿದ ಆ ಸಾಲಿನಲ್ಲಿಯೇ, ನಾನು ಬರೆದದ್ದು ಇದು: 'ಹುಡುಗ ಒಳ್ಳೆಯವನು. ಅಕ್ಕ ಸುವರ್ಣಾ ಗಂಡನನ್ನು ಬಿಟ್ಟು ಬಂದು ತವರಿನಲ್ಲಿದ್ದಾಳೆ. ಮಾತು ಮುಗಿಯುವ ತನಕ ಅವಳನ್ನು ಮುಂದೆ ತರಬಾರದು.' ಬರೆದದ್ದಷ್ಟೇ ಅಲ್ಲ, ಅವಳ ತಾಯಿಗೆ ಹೇಳಿಯೂ ಬಂದಿದ್ದೆ.

ಸುವರ್ಣಾ ಬಂದಳು. ಬಿಳಿ ಕೋಟಿನ ಅದೇ ಹೆಣ್ಣುಮಗಳು. ಇಪ್ಪತ್ತು ದಿನ ಚಹಾದ ಜೊತೆ ನೋಡಿದ ಮುಖವನ್ನು ಎದುರಿಗೆ ನೋಡಲು ನನ್ನಿಂದ ಆಗಲಿಲ್ಲ. ನೆಲ ನೋಡುತ್ತ ನಿಂತೆ.

"ಮೊದಲ ನಂಗೂ ಹ್ಯಾಕ್ ಆಗೇತಿ ಅನಸ್ತ್ರಿ ಸರ, ಹೆದರಿದ್ದೆ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಆಮ್ಯಾಲ ತಮ್ಮನ ಹೆಸರು ಬಂತು, ನನ್ನ ಹೆಸರೂ ಬಂತು. ಕನ್ಯಾದವರು ಮನಿಗೆ ಬರೂ ದಿನ ಅವ್ವ ನನ್ನ ನಿಡೋಣಿಗೆ ಕಳಿಸಿದ್ಲು. ಸೋದರತ್ತಿ ಮನ್ಯಾಗ ಹಪ್ಪಳ ಮಾಡೂದೈತಿ, ಹೋಗು ಅಂದ್ಲು. ಹೋಗಿ ನೋಡಿದ್ರ ಅಲ್ಲಿ ಹಪ್ಪಳಾನೂ ಇಲ್ಲ, ಹಿಟ್ಟೂ ಇಲ್ಲ. ಅತ್ತಿ ನನ್ನ ಮಾರಿ ನೋಡಾಕ ಹಿಂದಮುಂದ ನೋಡಾಕತ್ತಿದ್ಲು. ಯಾಕಂತ ನಿಮ್ಮ ಪಟ್ಟಿ ನೋಡಿದ ಮ್ಯಾಲ ತಿಳೀತ್ರಿ."

"ತಪ್ಪಾತವಾ" ಎಂದೆ.

"ಬರೂ ವಾರ ನಿಶ್ಚಯ ಐತಿ. ಅವತ್ತ ನಾ ಮನ್ಯಾಗ ಇರ್ಲ್ಯೋ, ಎಲ್ಲೆರ ಹಪ್ಪಳ ಮಾಡಾಕ ಹೋಗ್ಲ್ಯೋ? ಅಷ್ಟ ಕೇಳಬೇಕಂತ ಆ ಚಿಹ್ನೆ ಹಾಕಿದ್ದೆ."

ಪಟ್ಟಿಯನ್ನು ಅವಳೆದುರೇ ಅಳಿಸಿದೆ. ರಿಯಾಜ್ ಅವಳ ಅಕೌಂಟು ತೆಗೆದು, ಇಡೀ ಲ್ಯಾಪ್‌ಟಾಪನ್ನು ಕೊನೆಗೂ ಸ್ವಚ್ಛ ಮಾಡಿದ. ಸರಿಯಾಗಿ ಒಂದು ತಾಸು ಹಿಡಿಯಿತು. ಅಂದು ನನಗೆ ತುರ್ತೇನೂ ಇರಲಿಲ್ಲ. ಆ ಒಂದು ತಾಸು ಅವನ ಅಂಗಡಿಯ ಸ್ಟೂಲಿನ ಮೇಲೆ ಕೂತು, ಬಂದುಹೋಗುವ ಗಿರಾಕಿಗಳಿಗೆಲ್ಲ "ರಿಯಾಜಂದೇನೂ ತಪ್ಪಿಲ್ರಿ" ಎಂದು ಹೇಳಿದೆ. ಅವರಲ್ಲಿ ಹೆಚ್ಚಿನವರು ಹೊಸಬರು, ನಾನು ಯಾವ ತಪ್ಪಿನ ಮಾತಾಡುತ್ತಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲ. ಆಮೇಲೆ ಪಟ್ಟಿಯ ಮನೆಗಳಿಗೆಲ್ಲ ಫೋನು ಮಾಡಿ, ನಿಮ್ಮ ಮನೆಯ ಸುದ್ದಿ ನನ್ನಿಂದಾಗಿ ಇನ್ನೊಬ್ಬರ ಕಣ್ಣಿಗೆ ಬಿದ್ದಿತ್ತೆಂದು ಒಪ್ಪಿಕೊಂಡೆ. ಬೈದವರು ಕಡಿಮೆ. ಬಹಳ ಮಂದಿ ಕೇಳಿದ್ದು, ಬೇರೆ ಮನೆಯವರ ಬಗ್ಗೆ ಏನು ಬರೆದಿದ್ದೆ ಎಂದು.

ಸುವರ್ಣಾಳ ಪ್ರಶ್ನೆ ಮಾತ್ರ ಉಳಿದಿತ್ತು. ಬಸ್ಸು ಹತ್ತಿ ಬಬಲೇಶ್ವರಕ್ಕೆ ಹೋದೆ. ಹುಡುಗಿಯ ಮನೆಯಲ್ಲಿ ಮಾತು ನಡೆಯುವುದು ಅಜ್ಜಿಯದು, ಆಕೆಯನ್ನು ಎಲ್ಲರೂ ಆಯಿ ಎನ್ನುತ್ತಾರೆ. ಚಹಾ ಬಂತು. ನಾನು ಲೋಟ ಮುಟ್ಟದೆ, ಹುಡುಗನಿಗೊಬ್ಬ ಅಕ್ಕ ಇದ್ದಾಳೆಂದೂ, ಅವಳನ್ನು ಮುಚ್ಚಿಟ್ಟವನು ನಾನೆಂದೂ, ಆ ಮನೆಯವರದೇನೂ ತಪ್ಪಿಲ್ಲವೆಂದೂ ಒಂದೇ ಉಸಿರಿನಲ್ಲಿ ಹೇಳಿದೆ. ಈ ಸಂಬಂಧ ಮುರಿದರೆ ಅದಕ್ಕೂ ನಾನೇ ಕಾರಣ ಎಂದು ಕೈ ಮುಗಿದೆ.

ಆಯಿ ಎಲೆಗೆ ಸುಣ್ಣ ಸವರುತ್ತ, "ಗೊತ್ತೈತ್ರಿ ಮಾಸ್ತರ" ಎಂದಳು. "ಕನ್ಯಾ ಕೊಡೂ ಮಂದಿ, ಅಷ್ಟೂ ವಿಚಾರಸಂಗಿಲ್ಲೇನು ನಾವು? ತ್ರಾಸ ಆಗಿ ತಿರುಗಿ ಬಂದ ಮಗಳನ್ನ ಒಳಗ ಕರಕೊಂಡ ಮನಿ ಅದು. ಅದನ್ನ ಕೇಳೇ ನಾವು ಹೂಂ ಅಂದದ್ದು. ಅವತ್ತ ಆಕಿ ಕಾಣಲಿಲ್ಲಲ್ಲ, ಆವಾಗ ಖರೇನ ಮನಸು ಹಿಂದ ಸರದಿತ್ತು. ನಿಶ್ಚಯದಾಗ ಆಕೀನ ಮುಂದ ನಿಂತು ನಮ್ಮ ಹುಡುಗೀಗಿ ಉಡಿ ತುಂಬಬೇಕು. ಹಂಗಂತ ಆಯಿ ಹೇಳ್ಯಾಳಂತ ಹೇಳ್ರಿ."

ನನ್ನ ಕಣ್ಣು ತುಂಬಿತು. ಸುವರ್ಣಾಳಿಗೆ ಅಲ್ಲಿಂದಲೇ ಫೋನು ಮಾಡಿದೆ. ಆಯಿ ಹೇಳಿದ್ದನ್ನು ಹೇಳಿದೆ. ಅವಳು "ಹೂಂ ರಿ ಸರ, ಇರ್ತೀನಿ" ಎಂದಳು.

"ನಮ್ಮ ಹುಡುಗೀದೂ ಒಂದು ಮಾತಿತ್ರಿ" ಎಂದಳು ಆಯಿ, ನಾನು ಫೋನು ಕಿಸೆಗಿಟ್ಟ ಮೇಲೆ. "ಅದನ್ನ ಸಾರವಾಡದವರಿಗೆ ಮೊದಲ ದಿನಾನ ಹೇಳೇವಿ, ಅವರು ನಕ್ಕು ಬಿಟ್ರು. ನಿಮಗ ಮಾತ್ರ ಹೇಳಿಲ್ಲ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಬಗ್ಗೇನೂ ವಿಚಾರಿಸಿದ್ವಿ. ಮಾಸ್ತರ ಭಾಳ ಚಲೋ ಮನಷ್ಯಾ, ಆದ್ರ ಹೊಟ್ಯಾಗ ಮಾತು ನಿಲ್ಲಂಗಿಲ್ಲ ಅಂದ್ರು."

ನಾನು ತಲೆ ತಗ್ಗಿಸಿದೆ. ಇಷ್ಟೆಲ್ಲ ಆದ ಮೇಲೆ, ಕಣ್ಣಲ್ಲಿ ಇನ್ನೂ ನೀರಿರುವಾಗಲೇ, ನನ್ನ ಬಾಯಿಂದ ಹೊರಬಿದ್ದ ಮಾತು ಇದು: "ಅದ್ಯಾವ ಮಾತು ಆಯಿ?"

ಆಯಿ ಲೋಟವನ್ನು ನನ್ನತ್ತ ಸರಿಸಿದಳು. "ಚಾ ಆರಾಕತ್ತೈತಿ, ಕುಡೀರಿ" ಎಂದಳು.