ಗೊಂಬೆಗೆ ಯಾರಾದರೂ ಹೇಳಿರುತ್ತಾರೆ

ಪ್ರೈವಸಿ ಎಂಬ ಶಬ್ದದ ಸ್ಪೆಲಿಂಗನ್ನು ನಾನು ಕಾನ್ವೆಂಟಿನಲ್ಲಿ ಕಲಿತೆ. ಆ ವಸ್ತು ಮಾತ್ರ ರಾಯಚೂರಿನಲ್ಲಿ ಇದುವರೆಗೂ ಸಿಕ್ಕಿಲ್ಲ. ಬೆಳಿಗ್ಗೆ ನನ್ನ ಕಾಲು ಉಳುಕಿದರೆ ಮಧ್ಯಾಹ್ನದೊಳಗೆ ದೇವದುರ್ಗದ ನಾದಿನಿಯ ಫೋನು: "ವೈನಿ, ಎಡಗಾಲೇನ್ರೀ, ಬಲಗಾಲ್ರೀ?" ಹೇಳಿದವರು ಯಾರು ಎಂದು ಕೇಳುವ ಮ್ಯಾನರ್ಸ್ ನಮ್ಮಲ್ಲಿಲ್ಲ.

ಇಂಥ ಮನೆಯ ಕೂಸು ನನ್ನ ನಾಲ್ಕು ವರ್ಷದ ಮೊಮ್ಮಗಳು ಪಾರು. ಎಲ್.ಕೆ.ಜಿ. ಇಂಟರ್‌ವ್ಯೂಗೆ ಕರೆದುಕೊಂಡು ಹೋದೆ. ಮಿಸ್ಸು ಗೊಂಬೆಯ ಕೈಯಿಂದ ಒಂದು ಚಾಕಲೇಟನ್ನು ಕೆಂಪು ಡಬ್ಬಿಯಲ್ಲಿ ಇಡಿಸಿ, ಗೊಂಬೆಯನ್ನು ಹೊರಗೆ ಕಳಿಸಿ, ಚಾಕಲೇಟನ್ನು ನೀಲಿ ಡಬ್ಬಿಗೆ ಹಾಕಿದರು. ವಾಪಸ್ ಬಂದ ಗೊಂಬೆ ಎಲ್ಲಿ ಹುಡುಕುತ್ತದೆ?

"ನೀಲಿದಾಗ," ಎಂದಳು ಪಾರು.

"ಅದು ನೋಡೇ ಇಲ್ವಲ್ಲ ಪುಟ್ಟಾ?"

"ಯಾರಾರ ಹೇಳಿರ್ತಾರ್ರೀ. ಅವರ ಮನ್ಯಾಗ ಅಜ್ಜಿ ಇಲ್ಲೇನ್ರೀ?"

ಇತರರ ಮನಸ್ಸನ್ನು ಅರ್ಥ ಮಾಡಿಕೊಳ್ಳುವ ಸ್ಕಿಲ್ ಮಗುವಿಗಿನ್ನೂ ಡೆವಲಪ್ ಆಗಿಲ್ಲವಂತೆ. ಸೋಮವಾರ ಕೊನೆಯ ಚಾನ್ಸ್, ತಪ್ಪಿದರೆ ಸೀಟಿಲ್ಲ. ಈ ಪರೀಕ್ಷೆ ಕಂಡುಹಿಡಿದವರ ಮನೆಯಲ್ಲಿ ಮೂರೇ ಜನ, ಮೂವರಿಗೂ ಬಾಗಿಲಿರುವ ಕೋಣೆ ಇರಬೇಕು. ಹಾಗೆಂದು ಹೇಳಿಬಿಡಬೇಕಿತ್ತು. ಆದರೆ ಡೆಸ್ಕಿನ ಹಿಂದೆ ಯಾರು ಕೂತಿದ್ದರೂ ನಾನು ಹತ್ತು ವರ್ಷದ ಹುಡುಗಿಯಾಗುತ್ತೇನೆ. ಎದ್ದು ನಿಂತು "ಥ್ಯಾಂಕ್ಯೂ ಮಿಸ್" ಎಂದೆ.

ಆಮೇಲೆ ನಾಲ್ಕು ದಿನ ಮನೆಯಲ್ಲಿ ಕೋಚಿಂಗ್. ಎರಡು ಸ್ಟೀಲ್ ಡಬ್ಬಿ, ನಮ್ಮ ಯಜಮಾನರ ಕನ್ನಡಕ. ಕನ್ನಡಕ ಡಬ್ಬಿ ಬದಲಾಯಿಸಿತು, ಅಜ್ಜನಿಗೆ ಗೊತ್ತಿಲ್ಲ, ತಿಳೀತಾ? "ಹ್ಞೂಂ ಅಜ್ಜಿ." ಒಳಗಿನಿಂದ ಯಜಮಾನರು, "ಎಡಗಡೆ ಡಬ್ಬ್ಯಾಗ ಐತಂತ ಪಾರು ಆಗಽ ಹೇಳ್ಯಾಳ, ಕೊಡ್ರಲೇ!" ಎಂದು ಕೂಗುತ್ತಿದ್ದರು. ಅದನ್ನು ಡಿಸ್ಟರ್ಬೆನ್ಸ್ ಎಂದು ಬಿಟ್ಟೆ.

ಸೋಮವಾರ ಪಾರು ಕಣ್ಣು ಮಿಟುಕಿಸದೆ "ಕೆಂಪು" ಎಂದಳು. ವೆರಿ ಗುಡ್, ಸೀಟು. ಬರುವಾಗ ಆಟೋದಲ್ಲಿ ಬೆನ್ನು ನೇರ ಮಾಡಿಕೊಂಡು ಕೇಳಿದೆ: "ಗೊಂಬಿಗೆ ಯಾರೂ ಹೇಳಿಲ್ಲಂತ ಈಗ ತಿಳೀತಿಲ್ಲೋ?"

"ಹೇಳಿರ್ತಾರಬೇ ಅಜ್ಜಿ. ಮಿಸ್ಸಿಗೆ ಕೆಂಪು ಬೇಕಾಗಿತ್ತು, ಕೊಟ್ಟೆ."

"ಮತ್ತ ನಾಲ್ಕು ದಿನ ಹ್ಞೂಂ ಹ್ಞೂಂ ಅಂದಿ?"

"ನಿನಗ ಟೀಚರ್ ಆಗಾಕ ಭಾಳ ಆಸಿ ಅಲ್ಲೇನು? ನಾ ಇಲ್ಲ ಅಂದ್ರ ನಿನ್ನ ಮಾರಿ ಸಣ್ಣದಾಕ್ಕಿತ್ತು."

ಆಟೋದವನು ಕನ್ನಡಿಯಲ್ಲಿ ನನ್ನ ಮುಖ ನೋಡಿ ಥಟ್ಟನೆ ರಸ್ತೆಯ ಕಡೆ ತಿರುಗಿದ. ನನ್ನ ಮನಸ್ಸು ಅವನಿಗೂ ತಿಳಿಯಿತು. ನನಗೀಗ ಅರವತ್ತೊಂಬತ್ತು, ಈ ವಯಸ್ಸಿನಲ್ಲಿ ಎಲ್.ಕೆ.ಜಿ.ಗೆ ತೆಗೆದುಕೊಳ್ಳುತ್ತಾರೋ ಇಲ್ಲವೋ, ವಿಚಾರಿಸಬೇಕು.