ಹೊಸ ಮನೆಗೆ ಹೋದವರ ಗತಿ

ಎದೆಯನ್ನು ಯಂತ್ರದ ಹಲಗೆಗೆ ಒತ್ತಿ, ಗಲ್ಲ ಮೇಲೆತ್ತಿ ನಿಂತಿದ್ದ ರೋಗಿಗೆ ಉಸಿರಪ್ಪ ಎಂದಿನಂತೆ, "ಉಸಿರು ಹಿಡ್ಕೊಳ್ಳಿ" ಎಂದ. ಗಾಜಿನ ಹಿಂದೆ ಹೋಗಿ ಗುಂಡಿ ಒತ್ತಿದ. ಅದೇ ಹೊತ್ತಿಗೆ ಜೇಬಿನಲ್ಲಿದ್ದ ಫೋನು ನಡುಗಿತು. ಹೆಂಡತಿಯ ಸಂದೇಶ: "ಹೆಡ್‌ಮಿಸ್ಟ್ರೆಸ್ ಫೋನ್ ಮಾಡಿದ್ರು. ಅವರ ಮನೆ ನಮಗೇ ಬಾಡಿಗೆಗೆ ಕೊಡ್ತಾರಂತೆ. ತಿಂಗಳ ಕೊನೆ ಒಳಗೆ ಹೂಂ ಅನ್ನಬೇಕು, ಇಲ್ಲಾ ಉಹೂಂ ಅನ್ನಬೇಕು." ಉಸಿರಪ್ಪ ಅದನ್ನು ಓದಿದ. ಮತ್ತೊಮ್ಮೆ ಓದಿದ. ಗೋಡೆಯನ್ನು ನೋಡುತ್ತ ನಿಂತ. ಗಾಜಿನ ಆಚೆಯಿಂದ ಗಂಟಲು ಕಟ್ಟಿದಂಥ ಸದ್ದು ಬಂದಾಗಲೇ, "ಬಿಡಿ" ಎನ್ನುವುದನ್ನು ತಾನು ಮರೆತಿರುವುದು ಅವನಿಗೆ ಹೊಳೆದದ್ದು. ರೋಗಿಯ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

"ನೀವು ಹೇಳ್ಲೇ ಇಲ್ವಲ್ಲ ಸಾರ್," ಎಂದ ಆತ ಏದುಸಿರು ಬಿಡುತ್ತ. (ವಿಧೇಯತೆಗೂ ಒಂದು ಮಿತಿ ಬೇಕು.)

ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಇಷ್ಟು ವರ್ಷ ಊರಿನವರ ಉಸಿರು ಹಿಡಿಸಿ, ಬಿಡಿಸಿ, ಅವನಿಗೆ ಆ ಅಡ್ಡಹೆಸರು ಅಂಟಿಕೊಂಡಿತ್ತು. ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಅವರಿದ್ದದ್ದು ಬಾಡಿಗೆಯ ನೆಲಮಹಡಿ ಮನೆ. ಎಡಕ್ಕೊಂದು, ಬಲಕ್ಕೊಂದು ಎತ್ತರದ ಕಟ್ಟಡ ಎದ್ದು ಸೂರ್ಯನಿಗೆ ಆ ಮನೆಯ ವಿಳಾಸವೇ ತಪ್ಪಿಹೋಗಿತ್ತು. ಹೆಂಡತಿ ಆ ಹೆಡ್‌ಮಿಸ್ಟ್ರೆಸ್ ಇದ್ದ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರ ಇದ್ದದ್ದು ಅಡುಗೆಮನೆಗೆ ಹೋಗುವ ಓಣಿಯಂಥ ಜಾಗದಲ್ಲಿ. ಮಟಮಟ ಮಧ್ಯಾಹ್ನವೂ ದೀಪ ಹಾಕಿಕೊಂಡೇ ಕೂರಬೇಕು. ಸೂಜಿಗೆ ದಾರ ಪೋಣಿಸುವಾಗ ಅವಳು ನಾಲಗೆಯನ್ನು ಹಲ್ಲಿನ ನಡುವೆ ಕಚ್ಚಿ, ಒಂದು ಕಣ್ಣು ಮುಚ್ಚಿ, ಬಂದೂಕು ಗುರಿಯಿಡುವವಳಂತೆ ಕಾಣುತ್ತಿದ್ದಳು. ಹೆಡ್‌ಮಿಸ್ಟ್ರೆಸ್ ಹೇಳಿದ ಮನೆ ಹೊಸ ಕಟ್ಟಡದ ನಾಲ್ಕನೇ ಮಹಡಿಯಲ್ಲಿತ್ತು. ಪೂರ್ವಕ್ಕೆ ದೊಡ್ಡ ಕಿಟಕಿ. ಹೆಂಡತಿ ಮಗಳ ಜೊತೆ ಹೋಗಿ ನೋಡಿಬಂದವಳು ಆ ಕಿಟಕಿಯ ಬಗ್ಗೆ, ತೀರಿಹೋದರು ಎಂದುಕೊಂಡಿದ್ದ ನೆಂಟರು ಬದುಕಿರುವುದು ಗೊತ್ತಾದವಳಂತೆ ಮಾತಾಡಿದ್ದಳು.

ಆದರೆ ಈ ಮನೆಯಲ್ಲಿ ಇನ್ನೊಂದು ಕೋಣೆ ಇತ್ತು. ಉಸಿರಪ್ಪನ ತಾಯಿಯದು. ಅವರು ತೀರಿಕೊಂಡು ಎರಡು ವರ್ಷವಾದರೂ ಮಂಚ ಅಲ್ಲೇ ಇತ್ತು, ಮಡಿಸಿದ ಹೊದಿಕೆ ಅದರ ಮೇಲಿತ್ತು. ವಾರಕ್ಕೊಮ್ಮೆ ಅವನೇ ಒಳಗೆ ಹೋಗಿ ಗುಡಿಸಿ, ಬಾಗಿಲು ಮುಂದಕ್ಕೆಳೆದು ಬರುತ್ತಿದ್ದ. ಯಂತ್ರ ಇಡಲು ಆ ಕೋಣೆ ಕೊಡಿ ಎಂದು ಹೆಂಡತಿ ಒಂದು ದಿನವೂ ಕೇಳಿರಲಿಲ್ಲ. ಅವನೂ ಕೊಡುತ್ತೇನೆ ಎಂದಿರಲಿಲ್ಲ. ಹೊಸ ಮನೆಯಲ್ಲಿ ಹಾಗೆ ಖಾಲಿ ಬಿಡಲು ಕೋಣೆ ಇರಲಿಲ್ಲ. ಅವನಿಗೆ ಮನೆ ಬೇಡವಾಗಿದ್ದದ್ದು ಅದೊಂದೇ ಕಾರಣಕ್ಕೆ. ಆದರೆ ದಿನವಿಡೀ ಮನುಷ್ಯರ ಎಲುಬು ನೋಡುವ, ಐವತ್ತು ದಾಟಿದ ಗಂಡಸು 'ಅಮ್ಮನ ಕೋಣೆ ಬಿಟ್ಟು ಬರಲಾರೆ' ಎನ್ನುವುದು ಹೇಗೆ? ಹಾಗಾಗಿ ಅವನು ಬೇರೆ ಕಾರಣಗಳನ್ನು ಹೊಂದಿಸಿಕೊಂಡ.

"ಅಷ್ಟು ಎತ್ತರದಲ್ಲಿ ಗಾಳಿ ಜಾಸ್ತಿ ಕಣೇ."

"ಒಳ್ಳೇದೇ ಆಯ್ತು. ಬಟ್ಟೆ ಬೇಗ ಒಣಗುತ್ತೆ."

"ಆಸ್ಪತ್ರೆಗೆ ದೂರ."

"ಇನ್ನೊಂದು ತಿರುವು ಜಾಸ್ತಿ, ಅಷ್ಟೇ. ಡಾಕ್ಟ್ರೇ ನಡೀರಿ ಅಂದಿದ್ದಾರೆ ನಿಮಗೆ."

"ಅಕ್ಕಪಕ್ಕದವರು ಎಂಥೋರೋ ಏನೋ."

"ಇಲ್ಲಿಯ ಅಕ್ಕಪಕ್ಕದವರು ಎಂಥೋರು, ಹೇಳಿ ನೋಡೋಣ? ಹೆಸರಾದ್ರೂ ಗೊತ್ತಾ?"

ತಿಂಗಳ ಕೊನೆಗೆ ಹೇಳೋಣ ಬಿಡು ಎಂದು ಉಸಿರಪ್ಪ ಆ ಸಂಜೆಗೆ ಪಾರಾದ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು.

ದಾರಿ ತೋರಿದವಳು ಮಗಳು. ಕಾಲೇಜಿನ ಹುಡುಗಿ; ಅಕ್ಟೋಬರ್ ಬಂತೆಂದರೆ ಅವಳೂ ಗೆಳತಿಯರೂ ಸೇರಿ ಒಂದು ವ್ರತ ಹಿಡಿಯುತ್ತಿದ್ದರು. ತಿಂಗಳ ಕೊನೆಯ ದಿನ ಹ್ಯಾಲೋವೀನ್, ದೆವ್ವಗಳಿಗೆ ಮೀಸಲಾದ ದಿನವಂತೆ. ಅಲ್ಲಿಯವರೆಗೆ ಪ್ರತಿ ಸಂಜೆ ಒಂದು ದೆವ್ವದ ಸಿನಿಮಾ ನೋಡಿ ಮರುದಿನ ಅದರ ಚರ್ಚೆ ಮಾಡಬೇಕು. ಉಸಿರಪ್ಪ ಟೀ ಲೋಟ ಹಿಡಿದು ಅವಳ ಹಿಂದೆ ಸುಮ್ಮನೆ ನಿಂತಿದ್ದ. ಪರದೆಯ ಮೇಲೆ ಒಂದು ಸಂಸಾರ ಡಬ್ಬಗಳನ್ನು ಇಳಿಸಿಕೊಂಡು ಹೊಸ ಮನೆ ಹೊಕ್ಕಿತು. ಟೀ ಮುಗಿಯುವುದರೊಳಗೆ ಆ ಮನೆಯ ಯಜಮಾನ ಛಾವಣಿಗೆ ಅಂಟಿಕೊಂಡಿದ್ದ. ಮರುದಿನ ಬೇರೆ ಸಿನಿಮಾ, ಬೇರೆ ಸಂಸಾರ, ಅದೇ ಡಬ್ಬಗಳು. ಮೂರನೆಯದರಲ್ಲಿ ಸಾಮಾನಿನ ವ್ಯಾನು ಗೇಟಿನೊಳಗೆ ಬರುತ್ತಿದ್ದಂತೆಯೇ ಉಸಿರಪ್ಪನಿಗೆ ಜ್ಞಾನೋದಯವಾಯಿತು. ಹಳೆಯ ಮನೆಯಲ್ಲಿ ತೆಪ್ಪಗೆ ಇದ್ದವರಿಗೆ ಏನೂ ಆಗುವುದಿಲ್ಲ. ಮನೆ ಬದಲಾಯಿಸಿದವರನ್ನೇ ದೆವ್ವ ಹಿಡಿಯುವುದು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ತಾನು ಬಾಯಿ ಬಿಡಬೇಕಾಗಿಲ್ಲ, ತೋರಿಸಿದರೆ ಸಾಕು. ಎಕ್ಸ್‌ರೇ ಕಣ್ಣೆದುರು ಹಿಡಿದ ಮೇಲೂ ಮೂಳೆ ಮುರಿದಿಲ್ಲ ಎಂದು ವಾದಿಸುವವರು ಉಂಟೇ? (ಆಸ್ಪತ್ರೆಯಲ್ಲಿ ಚಿತ್ರ ತೆಗೆಯುವುದಷ್ಟೇ ತನ್ನ ಕೆಲಸ, ಅದನ್ನು ಓದುವವರು ಬೇರೆ ಎಂಬುದನ್ನು ಅವನು ಆಗ ನೆನೆಯಲಿಲ್ಲ.)

"ಇನ್ಮೇಲೆ ಸಂಜೆ ಮೂವರೂ ಒಟ್ಟಿಗೆ ನೋಡೋಣ," ಎಂದು ಘೋಷಿಸಿದ.

"ಅಪ್ಪಾ, ನಿನಗೆ ದೆವ್ವದ ಸಿನಿಮಾ ಅಂದ್ರೆ ಆಗಲ್ಲ ಅಲ್ವಾ?"

"ಮನೆಮಂದಿ ಎಲ್ಲ ಕೂಡಿ ಕೂರಬೇಕಮ್ಮ. ಅದು ಸಂಸ್ಕಾರ."

"ನನಗೆ ಗುಂಡಿ ಹಚ್ಚೋ ಕೆಲಸ ಇದೆ," ಎಂದಳು ಹೆಂಡತಿ. "ಇಲ್ಲೇ ಕೂತು ಹಚ್ತೀನಿ. ನೀವು ಸಂಸ್ಕಾರ ನೋಡ್ತಿರಿ."

ಹೀಗೆ ಆ ಮನೆಯಲ್ಲಿ ದಿನಕ್ಕೊಂದು ದೆವ್ವ ಬಂದು ಹೋಗತೊಡಗಿತು. ಪ್ರತಿ ಸಲ ಡಬ್ಬಗಳು ಇಳಿದಾಗಲೂ ಉಸಿರಪ್ಪ ಗಂಟಲು ಸರಿಮಾಡಿಕೊಳ್ಳುತ್ತಿದ್ದ.

"ನೋಡಿದ್ಯಾ? ಇದ್ದ ಕಡೆ ಇದ್ದಿದ್ರೆ ಆ ಮನುಷ್ಯನಿಗೆ ಈ ಗತಿ ಬರ್ತಿತ್ತಾ?"

"ನಾಲ್ಕನೇ ಮಹಡಿಯ ಆ ಕಿಟಕಿ ನೋಡಿದ್ರಾ ನೀವು? ಆ ಬೆಳಕಲ್ಲಿ ದೆವ್ವ ಕೂಡ ಸೂಜಿಗೆ ದಾರ ಪೋಣಿಸಬಹುದು."

ಬಿಳಿ ಗೌನು ತೊಟ್ಟ ಹೆಣ್ಣು ದೆವ್ವವೊಂದು ಕೆಸರಿನಲ್ಲಿ ತೇಲಿಬಂದಾಗ ಮಗಳು ದಿಂಬು ಅಪ್ಪಿಕೊಂಡಳು. ಉಸಿರಪ್ಪನ ಕಾಲಿನ ಬೆರಳುಗಳು ಒಳಕ್ಕೆ ಮಡಚಿಕೊಂಡವು. ಹೆಂಡತಿ ಕನ್ನಡಕ ಏರಿಸಿ ಮುಂದೆ ಬಾಗಿದಳು. "ಪಾಪ, ಒಳಗೆ ಲೈನಿಂಗೇ ಕೊಟ್ಟಿಲ್ಲ. ಚಳಿಗೆ ಹಾಗೆ ಕೂಗ್ತಾ ಇದ್ದಾಳೆ."

ಇನ್ನೊಂದು ಸಂಜೆ ಅವಳೇ ಮಾತು ತೆಗೆದಳು. "ಒಂದು ವಿಷಯ ಗಮನಿಸಿದ್ರೇನ್ರೀ? ಇಷ್ಟು ದಿನದಲ್ಲಿ ಬಿಸಿಲು ಬೀಳೋ ಮನೇಲಿ ಒಂದಾದ್ರೂ ದೆವ್ವ ಬಂತಾ? ಎಲ್ಲಾ ಹೀಗೇ, ನಮ್ಮನೆ ಥರ ಕತ್ತಲೆ ಕೂಪ. ಅವರು ಹೋಗಿದ್ದು ಹೊಸ ಮನೆ ಅಂತೀರಲ್ಲ, ಅವರಿಗೆ ಹೊಸದು. ಮನೆ ಹಳೇದೇ."

"ಕರೆಕ್ಟಮ್ಮ," ಎಂದಳು ಮಗಳು ಪರದೆಯಿಂದ ಕಣ್ಣು ತೆಗೆಯದೆ. "ಆ ಮನೇಲಿ ಮೊದಲು ಸತ್ತಿರ್ತಾರಲ್ಲ, ಅವರೇ ಬರೋದು."

 ಮೂವರೂ ಮುಚ್ಚಿದ ಬಾಗಿಲಿನತ್ತ ನೋಡಲಿಲ್ಲ. ನೋಡದಿರಲು ಮೂವರೂ ಕಷ್ಟಪಟ್ಟರು. ಹೆಂಡತಿ ಮಗಳ ತೊಡೆ ಚಿವುಟಿದ್ದು ಮಾತ್ರ ಉಸಿರಪ್ಪನಿಗೆ ಕಂಡಿತು.

ತಿಂಗಳು ಮುಗಿಯುತ್ತ ಬಂದಂತೆ ಲೆಕ್ಕ ತಲೆಕೆಳಗಾಯಿತು. ಹೆದರಬೇಕಾದವಳು ದಿಂಬಿಗೆ ತಲೆ ಕೊಟ್ಟರೆ ಗೊರಕೆ. ಹೆದರಿಸಹೊರಟವನು ಸ್ನಾನದ ಮನೆಯ ಬಾಗಿಲಿಗೆ ಚಿಲಕ ಹಾಕುವುದನ್ನು ಬಿಟ್ಟ. ಆಸ್ಪತ್ರೆಯ ಮೊಗಸಾಲೆಯಲ್ಲಿ ಬಿಳಿ ಅಂಗಿ ತೊಟ್ಟ ಅಜ್ಜಿಯೊಬ್ಬರು ಹಿಂದಿನಿಂದ ಭುಜ ಮುಟ್ಟಿ "ಎಕ್ಸ್‌ರೇ ಎಲ್ಲಪ್ಪಾ?" ಎಂದಾಗ ಅವನು ಹಾಕಿದ ಕೂಗಿಗೆ ವಾರ್ಡಿನ ನರ್ಸುಗಳು ಓಡಿಬಂದರು.

ಇನ್ನೇನು ಒಂದು ದಿನ ಉಳಿದಿತ್ತು. ಸಂಜೆ ಕೆಲಸ ಮುಗಿಸಿ ಬಂದರೆ ಬೀದಿಗೆ ಬೀದಿಯೇ ಕರೆಂಟಿಲ್ಲ. ಮನೆಯ ಬಾಗಿಲಿಗೆ ಬೀಗವಿರಲಿಲ್ಲ, ಒಳಗೆ ಸದ್ದೂ ಇರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಉಸಿರಪ್ಪನಿಗೆ ಮೊದಲು ಕಂಡದ್ದು ಅಮ್ಮನ ಕೋಣೆಯ ಬಾಗಿಲು. ಅದು ತೆರೆದಿತ್ತು.

ಮಂಚದ ಪಕ್ಕದಲ್ಲಿ, ಕಿಟಕಿಯ ಬೂದುಬೆಳಕಿನಲ್ಲಿ, ಅವರು ಇದ್ದರು. ಚಳಿಗೆ ಯಾವಾಗಲೂ ಮಾಡುತ್ತಿದ್ದಂತೆ ಹೊದಿಕೆಯನ್ನು ತಲೆಯ ಮೇಲಿಂದ ಎಳೆದುಕೊಂಡು, ಕುತ್ತಿಗೆ ತಗ್ಗಿಸಿ, ಬಾಗಿಲಿಗೆ ಬೆನ್ನು ಹಾಕಿ.

ತಿಂಗಳಿಡೀ ಸಿನಿಮಾ ನೋಡಿದ ಮನುಷ್ಯ ಓಡಬೇಕಿತ್ತು. ಓಡಿದವರು ಯಾರು, ಓಡದವರು ಯಾರು, ಯಾರಿಗೆ ಏನಾಯಿತು ಎಂಬುದೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಅವನು ಓಡಲಿಲ್ಲ. ಹೊಸ್ತಿಲ ಬಳಿಯಿದ್ದ ಸ್ಟೂಲನ್ನು ಎಳೆದುಕೊಂಡು ಕೂತ.

"ಬಂದ್ಯೇನಮ್ಮಾ?" ಎಂದ.

ಅವರು ಉತ್ತರಿಸಲಿಲ್ಲ. ಮುನಿಸಿಕೊಂಡಾಗ ಅವರು ಉತ್ತರಿಸುತ್ತಿದ್ದವರೂ ಅಲ್ಲ.

"ಇಲ್ಲಿಂದ ಹೋಗೋಣ ಅಂತಿದ್ದಾಳಮ್ಮ ಇವಳು. ಅವಳ ತಪ್ಪಿಲ್ಲ. ಅವಳಿಗೆ ಬೆಳಕು ಬೇಕು. ಕಣ್ಣು ಸೋಲ್ತಾ ಇದೆ, ಹೇಳ್ಕೊಳ್ಳಲ್ಲ. ನಾನೇ ಏನೇನೋ ನೆಪ ಹೇಳ್ಕೊಂಡು ಕೂತಿದ್ದೀನಿ." ಅವನು ಸ್ಟೂಲನ್ನು ಒಂದಿಷ್ಟು ಮುಂದಕ್ಕೆಳೆದುಕೊಂಡ. "ನಾವು ಹೋದ್ಮೇಲೆ ಎಂದಾದ್ರೂ ಒಂದಿನ ನೀನು ಬಂದು ಬಾಗಿಲು ತೆಗೆದ್ರೆ ಒಳಗೆ ಯಾರೋ ಬೇರೆಯವರು ಇರ್ತಾರಲ್ಲಮ್ಮ. ಅದಕ್ಕೇ..."

ಅಷ್ಟರಲ್ಲಿ ಅವನ ಬೆನ್ನಹಿಂದೆ ಒಂದು ಚೀತ್ಕಾರ ಎದ್ದಿತು. ತಿಂಗಳಿಡೀ ನೋಡಿದ ಯಾವ ಸಿನಿಮಾದ ಯಾವ ಹೆಂಗಸೂ ಹಾಗೆ ಕೂಗಿರಲಿಲ್ಲ. ಮೂಲೆಯಂಗಡಿಗೆ ಹುಕ್ಕು ತರಲು ಹೋಗಿದ್ದ ಹೆಂಡತಿ, ಕತ್ತಲಲ್ಲಿ ಗಂಡ ಅತ್ತೆಯ ಜೊತೆ ಮಾತಾಡುತ್ತಿರುವುದನ್ನು ಕೇಳಿದ್ದಳು. ಆ ಕೂಗಿಗೆ ಉಸಿರಪ್ಪನೂ ಕೂಗಿ, ಎದ್ದು, ಸ್ಟೂಲಿಗೆ ಎಡವಿ, ಮುಂದಿದ್ದ ಆಕೃತಿಯನ್ನು ತಬ್ಬಿಕೊಂಡೇ ನೆಲಕ್ಕುರುಳಿದ. ಹಿತ್ತಲಲ್ಲಿ ಫೋನಿನಲ್ಲಿ ಹರಟುತ್ತಿದ್ದ ಮಗಳು ಓಡಿಬಂದು ಅದರ ಬೆಳಕು ಬಿಟ್ಟು ನೋಡಿದರೆ, ಅಪ್ಪ ನೆಲದ ಮೇಲೆ, ಅವನ ತೋಳಿನಲ್ಲಿ ಬಿಳಿ ಗೌನು ತೊಟ್ಟ, ತಲೆಯಿಲ್ಲದ ಒಬ್ಬ ಮಹಾರಾಣಿ.

"ಇವತ್ತಿಂದು ಆಗ್ಲೇ ಶುರುವಾಯ್ತಾ?" ಎಂದಳು ಅವಳು.

ಶಾಲೆಯ ನಾಟಕದ ರಾಣಿಗೆ ಹೊಲಿದ ಗೌನು ಅದು. ಹೊಲಿಗೆ ಯಂತ್ರವಿದ್ದ ಓಣಿಯ ಗೋಡೆ ತೇವ ಬಿಟ್ಟಿತ್ತು. ಬಟ್ಟೆಗೆ ಕಲೆ ಹತ್ತೀತೆಂದು ಹೆಂಡತಿ ಅದನ್ನು ತೊಡಿಸಿದ ಹೊಲಿಗೆಯ ಅಳತೆ ಬೊಂಬೆಯನ್ನು ಈ ಕೋಣೆಗೆ ತಂದಿಟ್ಟು, ದೂಳು ಕೂರದಂತೆ ಮಂಚದ ಮೇಲಿನ ಹೊದಿಕೆಯನ್ನೇ ಹೊದಿಸಿದ್ದಳು. ಎರಡು ವರ್ಷದಲ್ಲಿ ಮೊದಲ ಸಲ, ಕೇಳದೆ.

"ಒಂದು ಸಂಜೆ ಮಟ್ಟಿಗೆ ಅಂತ..." ಎಂದಳು. ಮಂಚದ ಅಂಚಿನಲ್ಲಿ ಕೂತಳು.  ಉಸಿರಪ್ಪ ಮಹಾರಾಣಿಯನ್ನು ಎತ್ತಿ ನಿಲ್ಲಿಸಿ, ಗೌನಿನ ತೋಳು ಸರಿಮಾಡಿದ. ಬೇರೆ ಏನು ಮಾಡಬೇಕೆಂದು ಅವನಿಗೆ ತೋಚಲಿಲ್ಲ.

"ಇದನ್ನ ನನ್ನ ಹತ್ರ ಹೇಳೋಕೆ ಏನಾಗಿತ್ತು ನಿಮಗೆ?"

"ಹೇಗೆ ಹೇಳೋದು?"

"ಬಾಯಲ್ಲಿ. ದಿನಾ ಒಂದು ದೆವ್ವ ತಂದು ತೋರಿಸಿದ್ರಲ್ಲ ರೀ, ಅದರ ಬದಲು ಒಂದು ಮಾತು."

"ಆ ಮನೇಲಿ ಅಮ್ಮನ ಮಂಚಕ್ಕೆ ಜಾಗ ಎಲ್ಲಿದೆ?"

ಹೆಂಡತಿ ಅವನನ್ನು ನೋಡಿದಳು. ಹೊಲಿಗೆ ಬಿಚ್ಚಿಕೊಂಡ ಬಟ್ಟೆಯನ್ನು ಎಲ್ಲಿ ಹಿಡಿಯಬೇಕೆಂದು ನೋಡುವಂತೆ ನೋಡಿದಳು. ಆಮೇಲೆ ಕುತ್ತಿಗೆಗೆ ಹಾಕಿಕೊಂಡಿದ್ದ ಟೇಪನ್ನು ತೆಗೆದು ಮಂಚದ ಮೇಲೆ ಹಾಸಿದಳು.

"ಆರೂಕಾಲು ಅಡಿ ಉದ್ದ, ಮೂರಡಿ ಅಗಲ. ಮನೆ ನೋಡೋಕೆ ಹೋಗೋ ಮುಂಚೇನೇ ಅಳತೆ ಮಾಡ್ಕೊಂಡು ಹೋಗಿದ್ದೆ. ಕಿಟಕಿ ಹತ್ರ ನನ್ನ ಮಿಷನ್ನು, ಅದರ ಮಗ್ಗುಲಿಗೆ ಇದು. ಗೋಡೆಗೆ ಇನ್ನೂ ಒಂದು ಗೇಣು ಉಳಿಯುತ್ತೆ."

"ಹೌದಪ್ಪ," ಎಂದಳು ಮಗಳು. "ಅಲ್ಲಿ ಟೇಪಿನ ಇನ್ನೊಂದು ತುದಿ ನಾನೇ ಹಿಡ್ಕೊಂಡಿದ್ದೆ."

"ಮಂಚಾನಾ? ನಿನ್ನ ಹೊಲಿಗೆ ರೂಮಲ್ಲಾ?"

"ಮತ್ತೆಲ್ಲಿ? ನಾನು ಓಣೀಲಿ ಹೊಲಿಯುವಾಗ ಅತ್ತೆ ಬಾಗಿಲು ತೆರೆದು ಇದರ ಮೇಲೇ ಕೂತು ನೋಡ್ತಿರಲಿಲ್ವಾ? 'ಸೊಟ್ಟಗೆ ಹೋಯ್ತು, ಬಿಚ್ಚು' ಅನ್ನೋರು. ಅವರು ಹೋದ್ಮೇಲೆ ನನ್ನ ಹೊಲಿಗೆ ಸೊಟ್ಟ ಅಂತ ಹೇಳೋರೇ ಇಲ್ಲ."

"ನನಗೆ ಹೇಳ್ಬೇಕಾಗಿತ್ತಲ್ಲೇ."

"ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ. ಮಂಚ ಬಿಟ್ಟು ಬರ್ತೀನಿ ಅಂತ ಹೇಗೆ ಅಂದ್ಕೊಂಡ್ರಿ ನೀವು?"

 ತಿಂಗಳಿಡೀ ಉಸಿರಪ್ಪ ಹೋರಾಡಿದ್ದು ಯಾರೂ ತೆಗೆಯದ ಜಗಳದಲ್ಲಿ, ಅದೂ ಒಬ್ಬನೇ.

"ಈಗ ನೀವೇ ಹೇಳಿ ಅತ್ತೆಗೆ," ಎಂದಳು ಹೆಂಡತಿ. "ನನ್ನ ಮಾತು ಅವರು ಎಂದೂ ಒಂದೇ ಸಲಕ್ಕೆ ಕೇಳಿದವರಲ್ಲ."

ಮಗಳೆದುರು ನಾಚಿಕೆಯಾಯಿತು. ಆದರೂ ಅವನು ಮಂಚದತ್ತ ತಿರುಗಿ ಕೈ ಕಟ್ಟಿಕೊಂಡು ನಿಂತ.

"ಅಮ್ಮಾ, ಮನೆ ಬದಲಾಯಿಸ್ತಾ ಇದ್ದೀವಿ. ಹೊಸ ಕಟ್ಟಡ, ನಾಲ್ಕನೇ ಮಹಡಿ. ಮಂಡಿ ನೋವು ಅಂತ ಯೋಚನೆ ಮಾಡಬೇಡ, ಲಿಫ್ಟ್ ಇದೆ."

"ಮಂಚ ಲಿಫ್ಟಲ್ಲಿ ಹೋಗುತ್ತಾ?" ಎಂದಳು ಮಗಳು.

"ಹೋಗಲ್ಲ," ಎಂದಳು ಹೆಂಡತಿ. "ಅದನ್ನೂ ಅಳೆದಿದ್ದೀನಿ. ಬಿಚ್ಚೋಕೂ ಬರಲ್ಲ, ಹಳೇ ಕಾಲದ ಮರ."

ಕರೆಂಟು ಬಂದ ಮೇಲೆ ಹೆಡ್‌ಮಿಸ್ಟ್ರೆಸ್‌ಗೆ ಫೋನು ಮಾಡಿ ಹೂಂ ಅಂದವನು ಉಸಿರಪ್ಪನೇ. ಹ್ಯಾಲೋವೀನ್ ದಿನದ ಸಿನಿಮಾವನ್ನು ಮಗಳು ಒಬ್ಬಳೇ ನೋಡಬೇಕಾಯಿತು. ದೆವ್ವ ಅಂದರೆ ತನಗೆ ಭಯ ಎಂದು ಹೆಂಡತಿ ಖಡಾಖಂಡಿತವಾಗಿ ಹೇಳಿಬಿಟ್ಟಳು. ಭಾನುವಾರ ಬೆಳಿಗ್ಗೆ ವ್ಯಾನು ಬರುತ್ತದೆ. ಮಂಚವನ್ನು ನಾಲ್ಕನೇ ಮಹಡಿಯವರೆಗೆ ಮೆಟ್ಟಿಲ ಮೇಲೆ ಹೊರಬೇಕು. ತಲೆಯ ಕಡೆ ಹಿಡಿಯುವವನು ಉಸಿರಪ್ಪ. ಕಾಲಿನ ಕಡೆ ಹಿಡಿಯಲು ಇನ್ನೂ ಯಾರೂ ಒಪ್ಪಿಲ್ಲ.