ಅಧ್ಯಕ್ಷರ ಜೋಡೆತ್ತು

ಮಣ್ಣೆತ್ತಿನ ಅಮಾವಾಸ್ಯೆಯ ದಿನ ಖಾನಾಪುರದಿಂದ ಬೆಳಗಾವಿಗೆ ಚಿತ್ರ ತರಲು ಯಲ್ಲೇಶನನ್ನು ಕಳಿಸಿದ್ದೇ ತಪ್ಪು. ಬೇರೆ ದಿನವಾಗಿದ್ದರೆ ಅದು ತನ್ನ ಪಾಡಿಗೆ ಬಂದು ಗೋಡೆ ಸೇರುತ್ತಿತ್ತು.

ಯಲ್ಲೇಶ ಒಂದು ರೈತರ ಸಹಕಾರಿ ಸಂಘದಲ್ಲಿ ಟೆಂಪರರಿ ಗುಮಾಸ್ತ. ನೌಕರಿ ಕಾಯಂ ಆಗುವವರೆಗೆ ಅವನು ಮೆಚ್ಚಿದ ಪೂನಮಳನ್ನು ಮದುವೆ ಮಾಡಿಕೊಡುವ ಮಾತೇ ಇಲ್ಲವೆಂದು ಅವಳ ಅಪ್ಪ ಪಟ್ಟು ಹಿಡಿದಿದ್ದ. ಕಾಯಂ ಮಾಡುವ ಆರ್ಡರು ಟೈಪಾಗಿ ಅಧ್ಯಕ್ಷ ದುಂಡಪ್ಪನವರ ಟೇಬಲ್ಲಿನ ಮೇಲಿತ್ತು. ಸಹಿಯೊಂದೇ ಬಾಕಿ.

"ಸಂಜೀಕ ಡೈರೆಕ್ಟರ್ ಮಂದಿ ಬರತಾರ. ಖಾನಾಪುರದ ಬಸವಪ್ರಸಾದ ನಮ್ಮ ಪಾರಿಶ್ವಾಡದ ಹೊಲದ ಚಿತ್ರ ಬರದಾನ, ತಗೊಂಡು ಬಾ," ಎಂದಿದ್ದರು ದುಂಡಪ್ಪ. "ನಾನೂ ಇನ್ನೂ ನೋಡಿಲ್ಲ. ಅದಕ್ಕೊಂದು ಗೀಟು ಬಿತ್ತಂದ್ರ ನೀ ಸಹಿ ಮರತಬಿಡು."

ಬಸವಪ್ರಸಾದ ಮುಂಬಯಿಯಲ್ಲಿ ಕಲಿತು ಬಂದ ನವ್ಯ ಚಿತ್ರಕಾರ. ಚಿತ್ರವನ್ನು ಹಳೆಯ ಧೋತರದಲ್ಲಿ ಸುತ್ತಿ ಯಲ್ಲೇಶನ ಕೈಗಿಟ್ಟು, "ಬಣ್ಣ ಪೂರಾ ಒಣಗಿಲ್ಲ, ಜ್ವಾಕಿ. ನಾ ಸಂಜೀಕ ಬರತೀನಿ," ಎಂದ. ಯಲ್ಲೇಶ ಅದನ್ನು ಹಸುಗೂಸಿನಂತೆ ಎದೆಗೊತ್ತಿಕೊಂಡು ರೈಲು ಹತ್ತಿದ.

ಎದುರು ಸೀಟಿನಲ್ಲಿ ಮಾಯಕ್ಕ ಎಂಬ ಮುದುಕಿ. ದೇಸೂರಿನ ಮಗಳ ಮನೆಗೆ ಹೊರಟಿದ್ದಳು. ತೊಡೆಯ ಮೇಲಿನ ತಾಟಿನಲ್ಲಿ ಮಣ್ಣಿನ ಜೋಡೆತ್ತು, ಪಕ್ಕದಲ್ಲಿ ಕುಂಕುಮದ ಬಟ್ಟಲು.

"ಅದೇನೋ ತಮ್ಮಾ?"

"ಚಿತ್ರ, ಆಯಿ."

"ಎಂಥಾದ್ದು, ನೋಡೂಣು," ಎನ್ನುತ್ತಲೇ ಧೋತರ ಎತ್ತಿಬಿಟ್ಟಳು. ಡಬ್ಬಿಯ ಮಂದಿಯೆಲ್ಲ ಬಗ್ಗಿದರು. ಎಲ್ಲಿ ನೋಡಿದರೂ ಚೌಕ, ತ್ರಿಕೋಣ. ನಡುವೆ ಅಕ್ಕಪಕ್ಕ ಎರಡು ಕಂದು ಗುಡ್ಡೆಗಳು, ಒಂದೊಂದರ ತಲೆಯ ಮೇಲೂ ಎರಡೆರಡು ಚೂಪು ತುದಿ.

"ಎತ್ತು," ಎಂದಳು ಮಾಯಕ್ಕ. ಎಲ್ಲರೂ ಹೌದೆಂದರು. ಯಲ್ಲೇಶನೂ ನೋಡಿದ. ಕೋಡು, ಬೆನ್ನ ಮೇಲಿನ ಹಿಣಿಲು, ಎಲ್ಲ ಸರಿಯಾಗಿತ್ತು.

"ಮಣ್ಣಿನ ಎತ್ತಿಗೆ ಪೂಜಿ ಮಾಡತೀವಿ, ಬಣ್ಣದ ಎತ್ತು ಏನ ಪಾಪ ಮಾಡ್ಯಾವು?" ಯಲ್ಲೇಶನ ಕೈ ಅಡ್ಡ ಬರುವುದರೊಳಗೆ ಮಾಯಕ್ಕ ಬೆರಳು ಒದ್ದೆ ಮಾಡಿಕೊಂಡು ಕುಂಕುಮದಲ್ಲಿ ಅದ್ದಿ ಎರಡೂ ಹಣೆಗೆ ಒತ್ತಿದಳು. ಕೈಮುಗಿದು ದೇಸೂರಿನಲ್ಲಿ ಇಳಿದೂ ಹೋದಳು.

ಯಲ್ಲೇಶ ಕರವಸ್ತ್ರದಿಂದ ಒರೆಸಿದ. ಅಡಿಕೆಯಷ್ಟಿದ್ದ ಕೆಂಪು ರೊಟ್ಟಿಯಷ್ಟಾಯಿತು. ಬೆಳಗಾವಿ ಬರುವವರೆಗೆ ಅವನು ಮತ್ತೆ ಅದನ್ನು ಮುಟ್ಟಲಿಲ್ಲ, ಉಸಿರನ್ನೂ ಸರಿಯಾಗಿ ಬಿಡಲಿಲ್ಲ.

ಆಫೀಸಿನಲ್ಲಿ ಟೈಪಿಸ್ಟ್ ಪ್ರಮಿಳಾ ನೋಡಿ, "ಅಯ್ಯ ಯಲ್ಲೇಶಣ್ಣಾ, ಇದಕ್ಕ ಚಿಮಣಿ ಎಣ್ಣೀನ ಮದ್ದು," ಎಂದು ಹತ್ತಿಯನ್ನು ಅದ್ದಿ ತಂದಳು. ತಾನೇ ತಿಕ್ಕಿದಳು. ಕುಂಕುಮ ಹೋಯಿತು. ಅದರ ಹಿಂದೆಯೇ ಕಂದು ಬಣ್ಣವೂ ಹೋಗಿ ಎರಡೂ ಹಣೆಯಲ್ಲಿ ಬಿಳಿ ಬಟ್ಟೆ ಇಣುಕಿತು.

"ನನ್ನ ನೌಕರಿ ಹೋತು," ಎಂದು ಯಲ್ಲೇಶ ಕುಸಿದು ಕೂತ. ಕೆಳಗೆ ಅಧ್ಯಕ್ಷರ ಜೀಪು ನಿಂತ ಸಪ್ಪಳ ಕೇಳಿತು.

"ಏಳ್ರಿ, ಮತ್ತ ಕುಂಕುಮ ಹಚ್ಚೂಣು," ಎಂದಳು ಪ್ರಮಿಳಾ. "ಈ ಸಲ ದೊಡ್ಡದು. ಇವತ್ತ ಎತ್ತಿಗೆ ಕುಂಕುಮ ಯಾಕಂತ ಯಾರ ಕೇಳತಾರ?"

ಬುದ್ಧಿ ಎಂದರೆ ಇದು. ಆಫೀಸಿನ ದೇವರ ಫೋಟೋದ ಮುಂದಿದ್ದ ಕುಂಕುಮವೆಲ್ಲ ಚಿತ್ರಕ್ಕೆ ಬಂತು. ಹಾರವೂ ಬಂತು, ಊದಿನಕಡ್ಡಿಯೂ ಹೊಗೆಯಾಡಿತು.

ದುಂಡಪ್ಪನವರು ಡೈರೆಕ್ಟರುಗಳೊಂದಿಗೆ ಒಳಬಂದು ಚಿತ್ರದ ಮುಂದೆ ನಿಂತರು. ಅವರು ಮೆಲ್ಲಗೆ ಚಪ್ಪಲಿ ಬಿಟ್ಟು ಕೈಮುಗಿದರು.

"ಹಬ್ಬದ ದಿನ ಎತ್ತು ಮನಿಗೆ ಬಂದಂಗಾತು. ಪೂಜಿ ಯಾರ ಮಾಡಿದ್ದು?"

"ನಾನರಿ ಸಾಹೇಬ್ರ," ಎಂದ ಯಲ್ಲೇಶ, ಜೀವ ಬಂದು.

"ಶಾಣ್ಯಾ ಅದಿ." ಎತ್ತಿನ ವಿಷಯದಲ್ಲಿ ದುಂಡಪ್ಪನವರಿಗೆ ಎದುರಾಡುವವರಿರಲಿಲ್ಲ. ಡೈರೆಕ್ಟರುಗಳ ಕಡೆ ತಿರುಗಿದರು. "ಬಲಗಡೆದು ಚಲೋ ಐತಿ. ಎಡಗಡೆದು ನೋಡ್ರಿ, ಶುದ್ಧ ಮೈಗಳ್ಳ. ಮಾರಿ ನೋಡಿದ್ರ ತಿಳೀತೈತಿ. ಬಾರಕೋಲಿಲ್ಲದ ಹೆಜ್ಜಿ ಕೀಳೂದಿಲ್ಲ ಇದು." ಡೈರೆಕ್ಟರುಗಳು ಹೊಟ್ಟೆ ಹಿಡಿದು ನಕ್ಕರು. ದುಂಡಪ್ಪನವರು ಅದೇ ಖುಷಿಯಲ್ಲಿ ಆರ್ಡರನ್ನು ಹತ್ತಿರ ಎಳೆದುಕೊಂಡು ಪೆನ್ನಿನ ಟೊಪ್ಪಿಗೆ ತೆಗೆದರು.

ಆಗ ಬಸವಪ್ರಸಾದ ಕೊಡೆ ಮಡಚುತ್ತ ಒಳಬಂದ. ಚಿತ್ರ ನೋಡಿ ಬಾಗಿಲಲ್ಲೇ ನಿಂತ.

"ಕುಂಕುಮ ಯಾಕ ಇದಕ್ಕ?"

"ಎತ್ತಿಗರಿ," ಎಂದ ಯಲ್ಲೇಶ.

"ಎತ್ತು ಹಿಂದ ಮಲಗ್ಯಾವಲ್ಲ, ಆ ಹಸರು ಚೌಕದಾಗ. ಮುಂದ ಇರೂದು ಮಂದಿ. ಹಿರೇರು ಇರಬೇಕಂತ ಸಾಹೇಬ್ರ ಹೇಳಿದ್ರಲ್ಲ. ಪಟಕಾ ಸುತ್ತಿ, ಎರಡೂ ತುದಿ ಮ್ಯಾಲ ಬಿಟ್ಟು, ಬುತ್ತಿ ಉಣ್ಣಾಕ ಕುಂತಾರ." ಅವನು ಹತ್ತಿರ ಹೋಗಿ ತೋರಿಸಿದ. "ಬಲಗಡೆ ಸಾಹೇಬ್ರ ಕಾಕಾರು. ಎಡಗಡೆ ಸಾಹೇಬ್ರ ಅಪ್ಪಾರು."

ನಕ್ಕಿದ್ದ ಡೈರೆಕ್ಟರುಗಳು ಕಿಟಕಿಯಾಚೆಯ ಮಳೆ ನೋಡತೊಡಗಿದರು. ದುಂಡಪ್ಪನವರು ಪೆನ್ನಿಗೆ ಟೊಪ್ಪಿಗೆ ಹಾಕಿದರು.

"ನಮ್ಮಪ್ಪನ್ನ ಎತ್ತು ಮಾಡಿದಾವ ನೀನ ಏನೋ?"

"ಕುಂಕುಮ ಅಷ್ಟ ನಾನರಿ ಸಾಹೇಬ್ರ. ಮೈಗಳ್ಳ ಅಂತ..." ಪ್ರಮಿಳಾ ಅವನ ಕಾಲು ತುಳಿದಳು. ಉಳಿದದ್ದನ್ನು ನುಂಗಿಕೊಂಡ.

"ಸಹಿ ಮುಂದಿನ ವರ್ಷ ನೋಡೂಣು." ಆರ್ಡರು ಡ್ರಾಯರಿನೊಳಗೆ ಹೋಯಿತು. "ಈಗ ಮದಲ ಒಂದು ಹಸಿ ಅರಿವಿ ತಗೊಂಡು, ನಮ್ಮಪ್ಪನ ಹಣಿ ಸ್ವಚ್ಛ ಒರಸು. ಎಲ್ಲಾರೂ ಅಪ್ಪಾರ ಮಾರಿ ನೋಡಲಿ."

ಯಲ್ಲೇಶ ಒದ್ದೆ ಬಟ್ಟೆ ಹಿಡಿದು ಚಿತ್ರದ ಮುಂದೆ ನಿಂತ. ಆ ಕುಂಕುಮದ ಕೆಳಗೆ ಅಪ್ಪಾರ ಹಣೆಯೇ ಇಲ್ಲವೆಂಬುದು ಅವನಿಗೂ ಪ್ರಮಿಳಾಗೂ ಮಾತ್ರ ಗೊತ್ತಿತ್ತು.